ಅಜ್ಜನ ಕರಡಿಗೆಯ ಕಪ್ಪು

ನಾನು ಸಣ್ಣವಳಿದ್ದಾಗ ಸುರೇಬಾನದ ನಮ್ಮ ಅಡುಗೆಮನೆಯಲ್ಲಿ ಸ್ಟೀಲಿನ ಪಾತ್ರೆ ಕಡಿಮೆ, ಅಲ್ಯೂಮಿನಿಯಂ ಬೋಗುಣಿಗಳೇ ಹೆಚ್ಚು. ಜರ್ಮನ್ ಬೋಗುಣಿ ಎನ್ನುತ್ತಿದ್ದೆವು, ಆ ಹೆಸರು ಯಾಕೆ ಬಂತೋ ದೇವರೇ ಬಲ್ಲ. ತಳ ನೆಗ್ಗಿದ್ದು, ಹಾಲಿನ ವಾಸನೆ ಹಿಡಿದದ್ದು ನಿಮ್ಮ ಮನೆಯಲ್ಲೂ ಒಂದು ಇದ್ದೇ ಇದ್ದೀತು.

ಆ ಶ್ರಾವಣದಲ್ಲಿ ನನಗೆ ಲಿಂಗದೀಕ್ಷೆ ಆಗುವುದಿತ್ತು. ಅಜ್ಜ ಹೋದಾಗ ಅವನ ಲಿಂಗ ಅವನ ಜೊತೆಗೇ ಮಣ್ಣಿಗೆ ಹೋಗಿತ್ತು. ಅದನ್ನು ಇಡುತ್ತಿದ್ದ ಬೆಳ್ಳಿಯ ಕರಡಿಗೆ ಮಾತ್ರ ಮನೆಯಲ್ಲಿ ಉಳಿದಿತ್ತು. ಅದನ್ನೇ ನನ್ನ ಕೊರಳಿಗೆ ಕಟ್ಟಬೇಕೆಂದು ಅಜ್ಜಿಯ, ನಮ್ಮ ಆಯಿಯ, ಆಸೆ. ಆದರೆ ಕರಡಿಗೆ ರೊಟ್ಟಿ ಹಂಚಿನ ಹಾಗೆ ಕಪ್ಪಾಗಿತ್ತು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಮುಚ್ಚಳದ ಮೇಲಿನ ಬಸವಣ್ಣ ಆಗಲೇ ಅರ್ಧ ಸವೆದಿದ್ದ. ಇನ್ನೊಮ್ಮೆ ತಿಕ್ಕಿದರೆ ಕೊಂಬೂ ಉಳಿಯುವುದಿಲ್ಲ ಎಂದು ಬೆಳ್ಳಿ ಕೆಲಸದ ಪತ್ತಾರ ಹೇಳಿ ಕಳಿಸಿದ್ದ. ಅಜ್ಜ ಮಾತಾಡುವಾಗೆಲ್ಲ ಹೆಬ್ಬೆರಳಿನಿಂದ ಸವರುತ್ತಿದ್ದದ್ದು ಅದೇ ಬಸವಣ್ಣನನ್ನು. ಆಯಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು, ಸರಿಯಾಗಿ ಊಟವನ್ನೂ ಮಾಡಲಿಲ್ಲ.

"ನಾ ತಿಕ್ಕೂದಿಲ್ಲಬೇ, ಬರೇ ನೀರಾಗ ಇಡತೇನಿ," ಎಂದಳು ಗಂಗತ್ತಿ. ಅವಳು ಅಪ್ಪನ ತಂಗಿ; ರಾಮದುರ್ಗದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ವಿಜ್ಞಾನ ಓದುತ್ತಿದ್ದಳು.

ಜರ್ಮನ್ ಬೋಗುಣಿಯಲ್ಲಿ ನೀರು ಕಾಯಲಿಟ್ಟು ನನ್ನಿಂದ ಉಪ್ಪು ಹಾಕಿಸಿದಳು. ಹಾಕಿದ್ದೆಲ್ಲ ಕರಗುತ್ತಿತ್ತು, ಕಡೆಗೆ ತಳದಲ್ಲಿ ಕೂತ ಹರಳು ಎಷ್ಟು ತಿರುವಿದರೂ ಕರಗಲಿಲ್ಲ.

"ಸಾಕು, ನೀರಿನ ಹೊಟ್ಟಿ ತುಂಬೇತಿ. ಉಪ್ಪು ಕಾಸಿದ್ರೂ ಅಷ್ಟಕ್ಕಷ್ಟ. ಈ ಸೋಡಾ ಹಂಗಲ್ಲ, ತಣ್ಣೀರಿಗಿಂತ ಬಿಸಿನೀರಾಗ ಜಾಸ್ತಿ ಕರಗತೈತಿ," ಎನ್ನುತ್ತ ಬಟ್ಟೆ ಒಗೆಯುವ ಸೋಡಾ ಸುರಿದಳು. ಕರಡಿಗೆಯನ್ನು ಬೋಗುಣಿಯ ತಳಕ್ಕೆ ತಾಗುವಂತೆ ಇಟ್ಟಳು. "ಇದೂ ಟಾರ್ಚಿನ ಸೆಲ್ ಇದ್ದಂಗ. ಬೋಗುಣಿ ಕರೆಂಟ್ ಕೊಡತೈತಿ, ಬೆಳ್ಳಿ ಇಸ್ಕೊಂತೈತಿ, ಉಪ್ಪುನೀರು ನಡುವಿನ ದಾರಿ. ಬೆಳ್ಳಿಗೆ ಹತ್ತಿದ ಗಂಧಕ ಬಿಟ್ಟು ಹೋಗತೈತಿ, ಬೆಳ್ಳಿ ಮಾತ್ರ ಅಲ್ಲೇ ಉಳೀತೈತಿ."

ನೊರೆ ಬಂತು, ಹಿಂದೆಯೇ ಗಬ್ಬು ವಾಸನೆ. ಆಯಿ ಮೂಗಿಗೆ ಸೆರಗು ಹಿಡಿದಳು.

"ಏನಿದು ವಾಸನಿ?"

"ಕೊಳತ ತತ್ತಿ ವಾಸನಿಬೇ. ಹಂಗ ಬರತೈತಿ."

ಮೊಟ್ಟೆಯ ಹೆಸರೂ ಎತ್ತದ ಮನೆ ನಮ್ಮದು. ಆಯಿಯ ಕಣ್ಣು ಕೆಂಪಾದವು. "ತತ್ತಿ ವಾಸನಿ ನಿನಗ ಹೆಂಗ ಗೊತ್ತ?"

ಗಂಗತ್ತಿಗೆ ನಗು ತಡೆಯಲಾಗಲಿಲ್ಲ. "ಕಾಲೇಜಿನ ಲ್ಯಾಬಿನ್ಯಾಗ ಈ ಗ್ಯಾಸ ಮಾಡಸ್ತಾರಬೇ."

"ಇಂಥಾ ಹೊಲಸ ವಾಸನಿ ಮಾಡಾಕ ದಿನಾ ಬಸ್ಸ ಹತ್ತಿ ಹೊಕ್ಕಿಯೇನ?"

ಗದರುತ್ತಲೇ ಬಗ್ಗಿ ನೋಡಿದಳು. ಕರಡಿಗೆ ಬೆಳ್ಳಗಾಗಿತ್ತು. ತೊಳೆದು ಕೈಗೆ ಕೊಟ್ಟಾಗ ಆಯಿ ಕಣ್ಣು ಮುಚ್ಚಿ, ಅಜ್ಜನ ಹಾಗೆ ಹೆಬ್ಬೆರಳಿನಿಂದ ಸವರಿದಳು. "ಕೊಂಬು ಅದಾವ," ಎಂದು ಅದನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟಳು.

ಈಗ ಆಯಿ, ಗಂಗತ್ತಿ ಇಬ್ಬರೂ ಇಲ್ಲ. ಬೈಲಹೊಂಗಲದ ನನ್ನ ಮನೆಯಲ್ಲಿ ಜರ್ಮನ್ ಬೋಗುಣಿಯೂ ಇಲ್ಲ. ಪ್ರತಿ ಶ್ರಾವಣಕ್ಕೆ ಲಿಂಗವನ್ನು ತೆಗೆದಿಟ್ಟು, ಸ್ಟೀಲಿನ ಪಾತ್ರೆಯೊಳಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಹಾಸಿ ಕರಡಿಗೆಯನ್ನು ನೆನೆಹಾಕುತ್ತೇನೆ. ಬಸವಣ್ಣನ ಕೊಂಬು ಹಾಗೆಯೇ ಇವೆ. ವಾಸನೆ ಎದ್ದೊಡನೆ ಮಗಳು ಕಿಟಕಿ ತೆಗೆಯುತ್ತಾಳೆ. "ಮಮ್ಮೀ, ಕೊಳತ ತತ್ತಿಗತೆ ನಾರಾಕತ್ತೈತಿ."

ನಿನಗ ಹೆಂಗ ಗೊತ್ತ ಎಂದು ಅವಳನ್ನು ಗದರಲು ಆಯಿ ಇರಬೇಕಿತ್ತು.