ಭೀಮಪ್ಪನಿಗೆ ಹಸಿರು ಬಳಿಯುವ ಉಚ್ಚೆಂಗಮ್ಮ

ಹೊಸಪೇಟೆಯಲ್ಲಿ ಸೂರ್ಯ ಹುಟ್ಟುವುದು ಉಚ್ಚೆಂಗಮ್ಮನ ಅಪ್ಪಣೆ ಸಿಕ್ಕ ಮೇಲೆಯೇ. ಇದರಲ್ಲಿ ಉತ್ಪ್ರೇಕ್ಷೆ ಸಾಸಿವೆ ಕಾಳಿನಷ್ಟೂ ಇಲ್ಲ. ಕಮಲಾಪುರ ರಸ್ತೆಯಲ್ಲಿ ಏಳುತ್ತಿರುವ ಆಸ್ಪತ್ರೆಯ ನೆತ್ತಿಯ ಮೇಲೆ, ಬೆಳಗಿನ ಐದೂಮುಕ್ಕಾಲಿಗೆ, ತಲೆಗೆ ಹೆಲ್ಮೆಟ್ಟು, ಸೀರೆಯ ಮೇಲೆ ಗಂಡನ ಅಂಗಿ, ಕೈಯಲ್ಲಿ ಟ್ಯಾಬು ಹಿಡಿದು ಆಕೆ ನಿಂತಿದ್ದಾಳೆ. ‘ಸ್ವಲ್ಪ ತಡಿಯಪ್ಪಾ, ನಾಕು ಕಂಬ ಉಳಿದಾವ. ನೀ ಬಂದಿ ಅಂದ್ರ ಟ್ಯಾಬಿನ್ಯಾಗ ಏನೂ ಕಾಣಂಗಿಲ್ಲ,’ ಎಂದು ಪೂರ್ವಕ್ಕೆ ಗದರುತ್ತಾಳೆ. ಸೂರ್ಯ ತಡೆಯುತ್ತಾನೆ.

ಆ ಟ್ಯಾಬಿನೊಳಗೆ ಇಡೀ ಆಸ್ಪತ್ರೆ ಇದೆ. ಪ್ರತಿ ಕಂಬಿ, ಕೊಳವೆ, ತೂತನ್ನೂ ನೆಲದ ಮೇಲೆ ಕಟ್ಟುವ ಮೊದಲು ಕಂಪ್ಯೂಟರಿನಲ್ಲೇ ಕಟ್ಟಿಕೊಳ್ಳುವ ಈ ಪದ್ಧತಿಗೆ ಎಂಜಿನಿಯರುಗಳು ‘ಬಿಮ್’ ಎನ್ನುತ್ತಾರೆ. ಕೂಲಿಯವರು ಭೀಮಪ್ಪ ಎಂದು ನಾಮಕರಣ ಮಾಡಿದ್ದಾರೆ. ಮುಗಿದದ್ದಕ್ಕೆ ಹಸಿರು, ನಡೆದಿರುವುದಕ್ಕೆ ಹಳದಿ, ತಡವಾದದ್ದಕ್ಕೆ ಕೆಂಪು. ಬಣ್ಣ ಒತ್ತುವ ಬೆರಳು ಉಚ್ಚೆಂಗಮ್ಮನದು. ಯಾವ ತಂಡ ಎಲ್ಲಿಗೆ, ಯಾವ ಸಾಮಾನು ಯಾವಾಗ ಎಂಬುದೆಲ್ಲ ಆ ಬಣ್ಣ ನೋಡಿಯೇ ನಿರ್ಧಾರ. ಹಸಿರು ಬೀಳದೆ ಕಾಂಕ್ರೀಟ್ ಲಾರಿ ಗೇಟು ದಾಟುವಂತಿಲ್ಲ. ದಿನಕ್ಕೆ ಇನ್ನೂರು ಸಲ ಒತ್ತುತ್ತಾಳೆ, ಹನ್ನೊಂದು ಸಲ ಐದಂತಸ್ತು ಹತ್ತುತ್ತಾಳೆ. ನನ್ನ ಲೆಕ್ಕದಲ್ಲಿ ವರ್ಷಕ್ಕೆ ಐದಾರು ಸಲ ಹಿಮಾಲಯ ಏರಿ, ಇಳಿದು, ಚಹಾ ಕುಡಿದಷ್ಟು.

‘ನಿಮ್ಮ ಸೊಸಿ ದಿನಾ ನಸುಕಿನ್ಯಾಗ ಯಾವನೋ ಭೀಮಪ್ಪನ ಜೋಡಿ ಮ್ಯಾಲ ಹತ್ತತಾಳಂತ’ ಎಂಬ ಸುದ್ದಿ ಬಂಡ್ರಿಯಲ್ಲಿರುವ ಅತ್ತೆ ದುರ್ಗಕ್ಕನಿಗೆ ಮುಟ್ಟಿದಾಗ, ಮುದುಕಿ ಮೊದಲ ಬಸ್ಸಿಗೇ ಓಡಿಬಂದಿದ್ದುಂಟು. ಸೊಸೆ ಕೈಗಿಟ್ಟ ಭೀಮಪ್ಪನನ್ನು ತಿರುವಿ ನೋಡಿ, ‘ಇಷ್ಟ ಚಪ್ಪಟ್ಟಿ ಅದಾನೇನು!’ ಎಂದು ಉಸಿರು ಬಿಟ್ಟಳಂತೆ.

ಏಳನೆಯ ತರಗತಿಗೆ ಶಾಲೆ ಬಿಟ್ಟ ಉಚ್ಚೆಂಗಮ್ಮ ಎಂಟು ವರ್ಷ ಕಾಂಕ್ರೀಟ್ ಬಾಂಡ್ಲಿ ಹೊತ್ತವಳು. ನಕ್ಷೆಯಲ್ಲಿದ್ದ ಬಾಗಿಲು ಗೋಡೆಯಲ್ಲಿಲ್ಲ ಎಂದು ಆಕೆ ಒಮ್ಮೆ ಕೂಗಿ ಹೇಳಿದ್ದಕ್ಕೆ ಸೈಟ್ ಎಂಜಿನಿಯರ್ ವಾದಿರಾಜ ಟ್ಯಾಬು ಕೊಟ್ಟರು. ಮೊದಲ ದಿನ ಅಭ್ಯಾಸಬಲದಿಂದ ಅದನ್ನೂ ತಲೆಯ ಸಿಂಬಿಯ ಮೇಲಿಟ್ಟುಕೊಂಡೇ ನಡೆದಳು. ‘ಬ್ಯಾಸಿಗಿ ಬಿಸಲಿಗೆ ಭೀಮಪ್ಪ ಮೂರ್ಛಿ ಹೋಗತಾನ್ರಿ. ಅವನ ಮ್ಯಾಲ ಒದ್ದಿ ಬಟ್ಟಿ ಹಾಕಬೇಕು. ನಮಗ ಯಾರ್ ಹಾಕ್ತಾರ?’ ಎನ್ನುತ್ತಾಳೆ.

ಕಳೆದ ಬುಧವಾರ ಮಾತ್ರ ಕುರುಕ್ಷೇತ್ರ. ಗಂಡ ಗವಿಸಿದ್ದಪ್ಪ ಇಲ್ಲಿಯೇ ಕಂಬಿ ಕಟ್ಟುವ ಮೇಸ್ತ್ರಿ. ನಾಲ್ಕನೇ ಅಂತಸ್ತಿನ ಛಾವಣಿಯ ಕಂಬಿ ಮುಗಿಯಿತೆಂದು ಹಿಂದಿನ ಸಂಜೆಯೇ ಆತ ಸಾರಿದ್ದರಿಂದ ಗೇಟಿನಾಚೆ ಆರು ಲಾರಿ ಹೊಟ್ಟೆ ತಿರುವುತ್ತ ನಿಂತಿವೆ. ಉಚ್ಚೆಂಗಮ್ಮನ ಬೆರಳು ಹಳದಿಯ ಮೇಲೆಯೇ ಇದೆ.

‘ಒತ್ತಲೇ ಹಸಿರು!’

‘ಭೀಮಪ್ಪನ ಕಡೆ ಹದಿನಾಲ್ಕು ತೂತು ಅದಾವ. ನಿನ್ನ ಕಡೆ ಹದಿಮೂರು.’

‘ಒಂದು ತೂತಿಗೆ ಗಂಡನ ಮಾನ ಕಳೀತಿಯೇನು?’

‘ಮ್ಯಾಲಿನ ವಾರ್ಡಿನ ಪಾಯಖಾನಿ ಪೈಪು ಎಲ್ಲಿಂದ ಇಳೀಬೇಕು? ನಿನ್ನ ಮಾನದಾಗಿಂದೇನು?’

ವಾದಿರಾಜರ ಸಹನೆ ಮುಗಿಯುತ್ತದೆ. ‘ಕಾಂಕ್ರೀಟ್ ಗಟ್ಟಿಯಾಗ್ತದ ಉಚ್ಚೆಂಗಮ್ಮ! ಲಾರಿ ವಾಪಸ್ ಹೋದ್ರ ಟ್ಯಾಬು ಕಸ್ಕೊಂಡು ಬಾಂಡ್ಲಿ ಕೊಡ್ತೀನಿ.’

‘ಕೊಡ್ರಿ ಸರ. ಬಾಂಡ್ಲಿ ಹೊತ್ಗೊಂಡು ಎಣಿಸಿದ್ರೂ ಹದಿಮೂರಾ ಬರ್ತಾವ.’

ವಾದಿರಾಜರು ಮೇಲೆ ಹತ್ತಿ ಎಣಿಸುತ್ತಾರೆ. ಹದಿಮೂರು. ಬೆರಳು ಮಡಚಿ ಮತ್ತೆ ಎಣಿಸುತ್ತಾರೆ. ತುಂಗಭದ್ರೆಯೇ ಹಿಮ್ಮುಖ ಹರಿದರೂ ಹದಿಮೂರು ಹದಿಮೂರೇ. ಗವಿಸಿದ್ದಪ್ಪ ಕಂಬಿ ಬಿಚ್ಚಿ, ಅರ್ಧ ಗಂಟೆಯಲ್ಲಿ ಹದಿನಾಲ್ಕನೆಯದಕ್ಕೆ ಜಾಗ ಮಾಡುತ್ತಾನೆ. ಆಗ ಬೀಳುತ್ತದೆ ಹಸಿರು. ಲಾರಿಗಳು ಒಳಗೆ ನುಗ್ಗುತ್ತವೆ. ಟ್ಯಾಬು ಆಕೆಯ ಕೈಯಲ್ಲೇ ಉಳಿಯುತ್ತದೆ.

ಮರುದಿನ ವಾದಿರಾಜರು, ‘ಏನು ಬೇಕು ಕೇಳು’ ಎಂದರೆ, ಆಕೆ ಕೇಳಿದ್ದು ಒಂದೇ: ಬಂಡ್ರಿಯ ತನ್ನ ಮನೆಯ ಬಚ್ಚಲನ್ನೂ ಭೀಮಪ್ಪನೊಳಗೆ ಸೇರಿಸಿ! ಗವಿಸಿದ್ದಪ್ಪ ಹನ್ನೊಂದು ವರ್ಷದಿಂದ ಕಟ್ಟುತ್ತಿರುವ ಬಚ್ಚಲು ಅದು. ಟ್ಯಾಬಿನಲ್ಲಿ ಆಸ್ಪತ್ರೆಯ ಪಕ್ಕದಲ್ಲೇ ಅದೀಗ ಕೆಂಪಗೆ ಹೊಳೆಯುತ್ತಿದೆ. ಊಟಕ್ಕೆ ಕೂತಾಗ ಇಡೀ ಸೈಟು ಅದನ್ನು ನೋಡಿ ನಗುತ್ತದೆ.

ಭಾನುವಾರ, ಇದನ್ನು ಬರೆಯುತ್ತಿರುವ ನಾನೂ ಬಂಡ್ರಿಗೆ ಹೋಗಿದ್ದೇನೆ. ಗವಿಸಿದ್ದಪ್ಪ ನಾಲ್ಕನೇ ಗೋಡೆ ಎಬ್ಬಿಸಿ, ಪೈಪು ಜೋಡಿಸಿ, ಬಾಗಿಲು ನಿಲ್ಲಿಸಿ, ಬೆವರೊರೆಸಿಕೊಂಡು, ‘ಈಗರ ಒತ್ತವಾ ತಾಯಿ’ ಎನ್ನುತ್ತಾನೆ. ಉಚ್ಚೆಂಗಮ್ಮ ಒಳಗೆ ಹೋಗಿ ಬಾಗಿಲು ಮುಚ್ಚುತ್ತಾಳೆ. ಅದು ತಾನೇ ತೆರೆದುಕೊಳ್ಳುತ್ತದೆ.

‘ಒಳಗಿನ ಚಿಲಕ ಎಲ್ಲೈತಿ?’

ಗವಿಸಿದ್ದಪ್ಪ ಆಕಾಶ ನೋಡುತ್ತಾನೆ. ಆಕೆ ಟ್ಯಾಬಿಗೆ ಬೆರಳು ಒತ್ತಿ, ನನ್ನ ಕಡೆ ತಿರುಗಿಸಿ ತೋರಿಸುತ್ತಾಳೆ.

‘ಹಳದಿ ರೀ. ಹನ್ನೊಂದು ವರ್ಷಕ್ಕ ಕೆಂಪು ಬಿಡಿಸೀನಿ.’