ಕಿಟಕಿಗೂ ಟೇಪು ಹಿಡಿಯುವ ಮೇಡಂ

ಮಗುವನ್ನು ದತ್ತು ಕೇಳಿದವರ ಮನೆ ಪರಿಶೀಲಿಸುವ ಮೇಡಂ ತಮ್ಮ ಪಟ್ಟಿಯ ನೂರಾ ಹನ್ನೆರಡು ಪ್ರಶ್ನೆಗಳಲ್ಲಿ ಒಂದನ್ನೂ ಬಿಡುವವರಲ್ಲ. ಕಿಟಕಿ ಸರಳುಗಳ ಸಂದಿಗೆ ಟೇಪು ಹಿಡಿಯುತ್ತಾರೆ, ಮಂಚದಡಿ ಇಣುಕುತ್ತಾರೆ, ಗಂಡನನ್ನು ಅಡುಗೆಮನೆಗೆ ಅಟ್ಟಿ, "ನಿಮ್ಮವರಿಗೆ ಮೂಗಿನ ತುದೀಲೇ ಕೋಪಾನಾ?" ಎಂದು ಹೆಂಡತಿಯನ್ನು ಕೇಳುತ್ತಾರೆ, ಆಮೇಲೆ ಅವಳನ್ನು ಅಟ್ಟಿ ಗಂಡನಿಗೂ ಅದೇ ಪ್ರಶ್ನೆ. ನಾಲ್ಕು ವರ್ಷದಿಂದ ಕಾದಿದ್ದ ದಂಪತಿ ಮೊನ್ನೆ ಗೋಡೆಗೆ ಬಣ್ಣ ಬಳಿಸಿ, ಹೊಸ ಜಮಖಾನ ಹಾಸಿ, ಮೇಡಂಗೆ ಚಹಾ ಕೊಟ್ಟು ಎದುರಿಗೆ ಕೂತಿದ್ದರು. ಮೇಡಂ ಕೈ ತಗುಲಿ ಚಹಾ ಜಮಖಾನದ ಮೇಲೆಲ್ಲ ಚೆಲ್ಲಿತು. "ಅಯ್ಯೋ ಅಕ್ಕಾ, ಕೈ ಸುಡ್ತಾ?" ಎಂದು ಹೆಂಡತಿ ಓಡಿಬಂದಳು; ಗಂಡ ಟವೆಲ್ ಒದ್ದೆ ಮಾಡಿ ತಂದ. ಜಮಖಾನದ ಕಡೆ ಇಬ್ಬರೂ ನೋಡಲೇ ಇಲ್ಲ. "ಸಾಕು ಬಿಡಿ," ಎಂದು ಮೇಡಂ ಅಲ್ಲೇ ಒಪ್ಪಿಗೆಯ ಸಹಿ ಹಾಕಿದರು. ಇಪ್ಪತ್ತು ವರ್ಷದಿಂದ ಪ್ರತಿ ಮನೆಯಲ್ಲೂ ಅವರು ಬೇಕೆಂದೇ ಚಹಾ ಚೆಲ್ಲುತ್ತಾರೆ, ನಾಳೆ ಚೆಲ್ಲುವ ಮಗುವಿಗೆ ಅಲ್ಲಿ ಏನು ಕಾದಿದೆ ಎಂದು ನೋಡಲು.