ಜುಬ್ಬಕ್ಕೆ ಸಿಕ್ಕ ಬೂಚಿನ ಕಪ್ಪೆ

“ಅಲ್ಲಾಡಬ್ಯಾಡ್ರಿ ಸರ, ಗಾಳ ಹತ್ತೇತಿ!” ಎಂಬ ಕೂಗು ಕೇಳಿದಾಗ ನಾನು ಹಾವೇರಿಯ ಕೆರೆದಂಡೆಯಲ್ಲಿ, ಮೀನು ಹಿಡಿಯುವುದನ್ನೇ ನಿಷೇಧಿಸಬೇಕೆಂಬ ಮನವಿಪತ್ರ ಹಿಡಿದು, ಮೂಕಜೀವಿಗಳ ಮೇಲಿನ ಹಿಂಸೆಯನ್ನು ಖಂಡಿಸುತ್ತಿದ್ದೆ. ಕೂಗಿದವರು, ನನ್ನ ಭಾಷಣಕ್ಕೆ ಬೆನ್ನು ಮಾಡಿ ಗಾಳ ಬೀಸುತ್ತಿದ್ದ ಬ್ಯಾಡಗಿಯ ಒಬ್ಬ ದರ್ಜಿ. ಹಿಂದಕ್ಕೆ ಬೀಸಿದ ಅವರ ಗಾಳ ನನ್ನ ಖಾದಿ ಜುಬ್ಬದ ತೋಳಿಗೆ ಸಿಕ್ಕಿಕೊಂಡಿತ್ತು.

ಗಾಳದ ತುದಿಯಲ್ಲಿದ್ದದ್ದು ಹಳೆಯ ಥರ್ಮಾಸಿನ ಬೂಚನ್ನು ಕೆತ್ತಿ, ಹುಂಜದ ಪುಕ್ಕ ಕಟ್ಟಿ ಅವರೇ ಮಾಡಿದ ಹುಸಿಕಪ್ಪೆ. ಹಸಿದ ಮೀನಿಗೆ ಇಂಥ ವಂಚನೆ, ಈಗ ಪ್ರಜೆಯ ಬಟ್ಟೆಗೂ ಹಾನಿ ಎಂದು ನಾನು ಅನ್ಯಾಯಗಳ ಪಟ್ಟಿಯನ್ನು ಬೆಳೆಸಿದೆ. ಅಷ್ಟರಲ್ಲಿ ಗಾಳ ಅವರ ಕೈಯಲ್ಲಿತ್ತು. ಜುಬ್ಬದ ಒಂದು ಎಳೆಯೂ ಹರಿದಿರಲಿಲ್ಲ. ಕಚ್ಚಿದ ಮೀನು ಜಾರದಂತೆ ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಹಿಮ್ಮುಳ್ಳನ್ನು ಅವರು ಮೊದಲೇ ಇಕ್ಕಳದಿಂದ ಅದುಮಿ ಮಟ್ಟ ಮಾಡಿದ್ದರು.

“ಮೀನನೂ ಹಿಂಗ ಬಿಡಿಸಿ ನೀರಿಗೇ ಬಿಡ್ತೇನ್ರಿ. ಆದ್ರ ಅವು ನಿಮ್ಮಷ್ಟ ಒದರೂದಿಲ್ಲ,” ಎಂದರು.

ನಿಷೇಧದ ಸಾಲನ್ನು ಅಲ್ಲಿಯೇ ಹೊಡೆದುಹಾಕಿ, ‘ಹಿಮ್ಮುಳ್ಳಿನ ಗಾಳ ಬೇಡ’ ಎಂದು ತಿದ್ದಿದೆ. ಮೊದಲ ಸಹಿಯನ್ನು ದರ್ಜಿಯೇ ಹಾಕಿದರು. ಆ ದಿನ ನನಗೆ ಸಿಕ್ಕ ಸಹಿಯೂ ಅದೊಂದೇ.